ಮಂಡಿ ಚೆನ್ನಾಗಿದೆ

ಅಂಗಡಿಯಿಂದ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನಗೆ ನನ್ನ ಮೇಲೆ ಕೆಂಡದಂಥ ಸಿಟ್ಟಿದೆ ಎಂದು ಗೊತ್ತು. ಎಷ್ಟು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದಾಗಲೆಲ್ಲ ‘ಭಾವನ ಮಂಡಿ ಚೆನ್ನಾಗಿದೆ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಟ್ಟೆ. ಹೋದ ವಾರ ನೀನು ‘ಅಕ್ಕ, ನಾನೇನು ನಿಮ್ಮ ಅಂಗಡಿ ಗಿರಾಕಿನಾ, ನಾಳೆ ಬನ್ನಿ ಅಂತ ಸಾಗಹಾಕೋಕೆ?’ ಎಂದು ಕೇಳಿದೆಯಲ್ಲ, ಅದು ಸರಿಯಾಗಿಯೇ ಚುಚ್ಚಿತು. ಆದರೆ ಏನು ಮಾಡಲಿ ಹೇಳು. ಆಪರೇಷನ್ ಆದಾಗಿನಿಂದ ನಿನ್ನ ಭಾವನ ಮಂಚ ಹಜಾರದಲ್ಲಿದೆ. ನನ್ನ ಫೋನ್ ಗುಂಯ್ ಎಂದರೆ ನನಗಿಂತ ಮೊದಲು ಅವರ ಕಿವಿ ನಿಮಿರುತ್ತದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟುವ ವಯಸ್ಸೇ ನನ್ನದು?

ಅದಕ್ಕೇ ಈ ಕಾಗದ. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ತಲೆಯ ಮೇಲೆ ಯಾರ್ಯಾರದೋ ಬಟ್ಟೆಗಳು ಪ್ಲಾಸ್ಟಿಕ್ ಹೊದ್ದು ನೇತಾಡುತ್ತಿವೆ. ಅಲ್ಲಲ್ಲಿ ಶಾಯಿ ಹರಡಿದ್ದರೆ ಅದು ಇಸ್ತ್ರಿ ಯಂತ್ರದ ಹಬೆ, ನನ್ನ ಕಣ್ಣೀರಲ್ಲ. ನನಗೀಗ ಅಳು ಬರುವುದಿಲ್ಲ ಕಣೇ. ಅಳು ಬರಬೇಕಾದ ಕಡೆಯಲ್ಲೆಲ್ಲ ಹೇಸಿಗೆ ಬರುತ್ತದೆ. ನಿನ್ನ ಯಜಮಾನರ ಕೆಮ್ಮು ಕಡಿಮೆಯಾಯಿತೇ? ಮಕ್ಕಳು ಇನ್ನೂ ಒಂದೇ ಕಿಟಕಿಗಾಗಿ ಕಿತ್ತಾಡುತ್ತಾರೋ, ಇಲ್ಲ ದೊಡ್ಡವರಾದರೋ?

ಮೊದಲು ಒಳ್ಳೆಯ ಸುದ್ದಿ ಹೇಳಿ ಮುಗಿಸುತ್ತೇನೆ, ಅದು ಚಿಕ್ಕದು. ಮಂಡಿ ನಿಜಕ್ಕೂ ಚೆನ್ನಾಗಿದೆ. ಗಾಯ ಒಣಗಿದೆ. ಹೊಲಿಗೆ ಎಷ್ಟು ನೇರವಾಗಿದೆಯೆಂದರೆ ನಮ್ಮ ಅಂಗಡಿಯ ದರ್ಜಿ ನೋಡಿದರೆ ತಲೆ ತಗ್ಗಿಸಿಯಾನು. ವ್ಯಾಯಾಮ ಮಾಡಿಸುವ ಹುಡುಗಿ ಬಂದು ಕಾಲು ಮಡಚಿಸಿ, ಚಾಚಿಸಿ, ‘ಅಂಕಲ್ ಸೂಪರ್’ ಎಂದು ಬೆನ್ನು ತಟ್ಟುತ್ತಾಳೆ. ಈಗ ಮೆಟ್ಟಿಲೂ ಹತ್ತುತ್ತಾರೆ. ಆಪರೇಷನ್ ಮಾಡಿದ ಡಾಕ್ಟರು ಆ ಮಂಡಿಯನ್ನು ಬೆರಳಿನಿಂದ ಟಕಟಕ ಬಡಿದು, ಹೆತ್ತ ಕೂಸನ್ನು ನೋಡುವಂತೆ ನೋಡಿದರು. ಆ ಮಂಡಿಗೆ ಮೇಲೊಬ್ಬ ಮನುಷ್ಯ ಅಂಟಿಕೊಂಡಿದ್ದಾನೆ ಎನ್ನುವುದು ಅವರ ಗಮನಕ್ಕೆ ಬಂದಹಾಗಿರಲಿಲ್ಲ. ನಾನು ಬರೆಯಬೇಕಿರುವುದು ಆ ಮನುಷ್ಯನ ವಿಷಯ.

ಆಸ್ಪತ್ರೆಯಿಂದ ಹೊರಟ ದಿನ ನೀನು ಟ್ಯಾಕ್ಸಿ ಹುಡುಕಲು ಹೋಗಿದ್ದೆಯಲ್ಲ, ಆಗ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ನೋವಿನ ಮಾತ್ರೆಗಳನ್ನು ಕೈಗಿತ್ತರು. ‘ಇದು ಅಫೀಮಿನ ಬಳಗದ್ದು ಆಂಟಿ, ಹುಷಾರು. ನೋವು ತಡೆಯೋಕಾಗ್ದೆ ಇದ್ದಾಗ ಮಾತ್ರ ಕೊಡಿ. ನೋವು ಕಮ್ಮಿ ಆಗ್ತಾ ಬಂದ ಹಾಗೆ ಬಿಡಿಸ್ತಾ ಬನ್ನಿ’ ಎಂದರು. ನಾನು ನಕ್ಕುಬಿಟ್ಟೆ. ನಿನ್ನ ಭಾವನಿಗೆ ಚಟ! ತಲೆನೋವಿಗೂ ಮಾತ್ರೆ ನುಂಗದವರು. ಟೀಯನ್ನು ಕೂಡ ಎರಡನೇ ಲೋಟ ಕುಡಿಯದವರು.

ಅವರು ಎಂಥವರು ಎಂದು ನಿನಗೆ ನಾನು ಹೇಳಬೇಕೇ. ಡ್ರೈವಿಂಗ್ ಲೈಸೆನ್ಸಿಗೆ ಪರೀಕ್ಷೆ ಮಾಡುತ್ತ ಮೂವತ್ತು ವರ್ಷ ಕಂಡವರ ಪಕ್ಕದ ಸೀಟಿನಲ್ಲಿ ಕೂತವರು. ಪಾಸಾದವನಿಗೂ ನಪಾಸಾದವನಿಗೂ ಅದೇ ಮುಖ, ಅದೇ ಮಾತು: ‘ಆಯ್ತು, ಇಳೀರಿ.’ ಪರೀಕ್ಷೆ ಮಾಡುವವನ ಮುಖದಲ್ಲಿ ಏನೂ ಕಾಣಬಾರದಂತೆ, ಕಂಡರೆ ಗಾಡಿ ಓಡಿಸುವವನು ರಸ್ತೆ ಬಿಟ್ಟು ಆ ಮುಖವನ್ನೇ ನೋಡುತ್ತಾನಂತೆ. ಸರಿಯಪ್ಪ, ಕೆಲಸದಲ್ಲಿ ಸರಿ. ಆದರೆ ಆ ಮುಖವನ್ನು ಆಫೀಸಿನಲ್ಲಿ ಕಳಚಿಟ್ಟು ಬರಬೇಕು ಎಂದು ಅವರಿಗೆ ಯಾರೂ ಹೇಳಿಕೊಡಲಿಲ್ಲ. ನಾನು ಏನು ಬೇಯಿಸಿ ಹಾಕಿದರೂ ‘ಪರವಾಗಿಲ್ಲ.’ ಹೊಸ ಸೀರೆ ಉಟ್ಟು ನಿಂತರೆ ‘ಪರವಾಗಿಲ್ಲ.’ ಮಗಳು ಹುಟ್ಟಿದಾಗ ತೊಟ್ಟಿಲಿನೊಳಗೆ ಇಣುಕಿ ಅದನ್ನೇ ಹೇಳಿದ್ದರು. ನನ್ನ ಮದುವೆಯಲ್ಲಿ ನೀನು ‘ಅಕ್ಕ, ಭಾವನಿಗೆ ಹಲ್ಲು ಇದೆ ತಾನೆ, ಒಂದ್ಸಲ ನೋಡ್ಕೊಂಡ್ಯಾ?’ ಎಂದು ಕಿವಿಯಲ್ಲಿ ಉಸುರಿದ್ದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ.

ಮೊದಮೊದಲು ಮಾತ್ರೆ ಬೇಡವೇ ಬೇಡ ಎಂದು ಹಟ ಹಿಡಿದರು. ಹಲ್ಲು ಕಚ್ಚಿ ಮಲಗುವರು, ಕೇಳಿದರೆ ನೋವಿಲ್ಲ ಎನ್ನುವರು. ವ್ಯಾಯಾಮದ ಹುಡುಗಿ ರೇಗಿದಳು. ನೋವು ಅಂತ ಕಾಲು ಮಡಚದೇ ಹೋದರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ, ಮಾತ್ರೆ ಕೊಡುವುದು ವ್ಯಾಯಾಮಕ್ಕೆ, ಶೋಕಿಗಲ್ಲ ಎಂದಳು. ನಾನೂ ಧ್ವನಿಗೂಡಿಸಿದೆ. ಆಗ ಕನ್ನಡಕ ಹಾಕಿಕೊಂಡು ಡಬ್ಬದ ಮೇಲಿನ ಚೀಟಿ ಓದಿದರು. ‘ಬೇಕಾದಾಗ, ಆರು ಗಂಟೆಗೊಮ್ಮೆ’ ಎಂದಿತ್ತು.

‘ಬೇಕಾದಾಗ ಅಂದ್ರೇನು?’ ಎಂದು ನನ್ನನ್ನೇ ದಬಾಯಿಸಿದರು. ‘ಕೆಂಪು ದೀಪ ಬಿದ್ದಾಗ ಬೇಕಾದ್ರೆ ನಿಲ್ಸಿ ಅಂತ ಎಲ್ಲಾದ್ರೂ ಬರೆದಿರ್ತಾರಾ? ಆರು ಗಂಟೆಗೊಮ್ಮೆ. ಅದು ನಿಯಮ.’

ಫೋನಿನಲ್ಲಿ ಅಲಾರಾಂ ಇಟ್ಟರು. ನೋವಿರಲಿ ಬಿಡಲಿ, ಅಲಾರಾಂ ಬಡಿದರೆ ಬಾಯಿ ತೆರೆಯುವರು. ನಿದ್ದೆಯಲ್ಲಿದ್ದರೂ ಎದ್ದು ನುಂಗುವರು. ನಾನು ಎಂಥ ಪೆದ್ದಿ ನೋಡು, ಮಗಳ ಮುಂದೆ ಅದನ್ನು ಹೆಮ್ಮೆಯಿಂದ ಹೇಳಿಕೊಂಡೆ. ಲೋಕದಲ್ಲಿ ಬೇರೆಯವರೆಲ್ಲ ಶಿಸ್ತು ತಪ್ಪಿ ಚಟಕ್ಕೆ ಬೀಳುತ್ತಾರೆ. ನಿನ್ನ ಭಾವ ಶಿಸ್ತಿನಿಂದಲೇ ಬಿದ್ದರು.

ಇನ್ನು ಮುಂದಿನದನ್ನು ಊಟದ ಹೊತ್ತಿನಲ್ಲಿ ಓದಬೇಡ. ಆ ಮಾತ್ರೆ ಮೊದಲು ಕರುಳನ್ನು ಕಟ್ಟಿಹಾಕುತ್ತದೆ. ಒಣದ್ರಾಕ್ಷಿ ನೆನೆಸಿದ ನೀರಾಯಿತು, ಪುಡಿಯಾಯಿತು, ಔಷಧಿಯಾಯಿತು, ಕೊನೆಗೆ ಕೈಗೆ ಗವಸು ಹಾಕಿಕೊಂಡು ನಾನೇ ಮಾಡಬೇಕಾದ ಕೆಲಸವೂ ಆಯಿತು. ಮದುವೆಯಾಗಿ ಇಷ್ಟು ವರ್ಷ ನನ್ನ ಎದುರು ಅಂಗಿಯ ಗುಂಡಿ ಬಿಚ್ಚಲು ಮುಜುಗರಪಡುತ್ತಿದ್ದವರು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಬಚ್ಚಲಲ್ಲಿ ಕೂತರೆ ಏಳುತ್ತಿರಲಿಲ್ಲ. ಹೊರಗೆ ನಿಂತು ನಾನು ‘ಆಯ್ತಾ?’ ಎನ್ನುವುದು, ಒಳಗಿನಿಂದ ಅವರು ಮುಲುಗುವುದು. ಮೈಯೆಲ್ಲ ಕೆರೆತ, ಬೆನ್ನು ತುಂಬ ಉಗುರಿನ ಗೀರು. ಊಟ ಮಾಡುತ್ತ ಮಾಡುತ್ತಲೇ ತೂಕಡಿಸಿ, ತುತ್ತು ಬಾಯಲ್ಲಿದ್ದಂತೆಯೇ ಜೊಲ್ಲು ಗದ್ದಕ್ಕಿಳಿಯುತ್ತಿತ್ತು. ಊರವರ ಬೆವರು, ವಾಂತಿ, ವೈನಿನ ಕಲೆ ಎಲ್ಲ ಕಂಡವಳು ನಾನು. ಯಾವ ಕಲೆ ಯಾವುದರಿಂದಾಯಿತು ಎಂದು ಮೂಸಿ ಹೇಳುತ್ತೇನೆ. ಅಂಥವಳೂ ನಿನ್ನ ಭಾವನ ದಿಂಬಿನ ಚೀಲವನ್ನು ಮೂಗಿನಿಂದ ದೂರ ಹಿಡಿದೆ. ಸಿಹಿಸಿಹಿಯಾದ, ಹಳಸಿದ ವಾಸನೆ. ಹಾಗೇ ಬಕೆಟ್ಟಿಗೆ ಎಸೆದೆ.

ಅದಕ್ಕಿಂತ ಹೆಚ್ಚು ಹೇಸಿಗೆಯಾದದ್ದು ಅವರ ನಗು.

ಹೌದು, ನಗು. ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಮುಖದ ಬಿಗಿ ಸಡಿಲವಾಗಿ, ತುಟಿ ಎರಡೂ ಕಡೆಗೆ ಇಳಿಬಿದ್ದು, ಸುಮ್ಮಸುಮ್ಮನೆ ನಗುವರು. ನಿನ್ನ ಸಂಶಯ ಪರಿಹಾರವಾಯಿತು, ಹಲ್ಲು ಇವೆ. ಹಾಲಿನವನನ್ನು ಕೂರಿಸಿಕೊಂಡು ಅವನ ಮಕ್ಕಳ ಓದು ಕೇಳುವರು. ಪಕ್ಕದ ಮನೆಯ ಟೀಚರಮ್ಮನಿಗೆ ‘ನೀವು ಹಾಡ್ತೀರಲ್ಲ ಮೇಡಂ, ಕಿಟಕಿ ಮುಚ್ಬೇಡಿ’ ಎಂದರು. ಆಕೆಯ ಹಾಡಿಗೆ ಹಿಂದೆ ಎರಡು ಸಲ ದೂರು ಕೊಟ್ಟವರು ಇವರೇ! ನಾನು ಹಾಸಿಗೆ ಬದಲಿಸಲು ಬಗ್ಗಿದರೆ ಮಣಿಕಟ್ಟು ಹಿಡಿದುಕೊಂಡು, ‘ಎಷ್ಟು ದುಡಿತೀಯ ಕಣೇ, ಕೂತ್ಕೋ ಬಾ’ ಎನ್ನುವರು. ಇನ್ನೂ ಏನೇನೋ ಹೇಳುವರು. ನಾನು ಕೈ ಕಿತ್ತುಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಬೆಣ್ಣೆ ಹಚ್ಚಿದಂಥ ಆ ದನಿ ನನ್ನ ಗಂಡನದಲ್ಲ, ಯಾರೋ ಪರಗಂಡಸು ಅವರ ಬನಿಯನ್ನು ತೊಟ್ಟು ಮಲಗಿದ್ದಾನೆ ಅನ್ನಿಸುತ್ತಿತ್ತು.

ಮಗಳು ಭಾನುವಾರ ಬಂದವಳು ಅಪ್ಪನ ಈ ಅವತಾರ ನೋಡಿ ಕರಗಿಹೋದಳು. ‘ಅಮ್ಮ, ಅಪ್ಪ ನನ್ನ ತಲೆ ಸವರಿದ್ರು! ಮಾತ್ರೆನೋ ಗೀತ್ರೆನೋ, ಸ್ವಲ್ಪ ದಿನ ಖುಷಿಯಾಗಿರ್ಲಿ ಬಿಡು. ನೀನು ಯಾಕೆ ಮೂಗು ಮುರೀತೀಯ?’ ಎಂದಳು. ಸಂಜೆ ಹೊರಟಾಗ ಕಣ್ಣು ಒರೆಸಿಕೊಂಡಳು. ಬೆನ್ನಿನ ಗೀರು ತೊಳೆಯುವವಳು ಅವಳಲ್ಲವಲ್ಲ.

ಡಬ್ಬ ಖಾಲಿಯಾಯಿತು. ಡಾಕ್ಟರು ಒಂದು ಸಲ ಮತ್ತೆ ಬರೆದುಕೊಟ್ಟರು, ಅದಾದ ಮೇಲೆ ಸಾಮಾನ್ಯ ನೋವಿನ ಮಾತ್ರೆ ಸಾಕು ಎಂದರು. ಅಲ್ಲಿಂದ ಸುಳ್ಳು ಶುರುವಾಯಿತು. ಮಾತ್ರೆ ಸಿಂಕಿನಲ್ಲಿ ಬಿತ್ತು ಎನ್ನುವುದು, ನಾನು ಕೊಟ್ಟೇ ಇಲ್ಲ ಎಂದು ಸಾಧಿಸುವುದು, ವ್ಯಾಯಾಮದ ಹುಡುಗಿಯ ಎದುರು ಇಲ್ಲದ ನೋವಿಗೆ ಬೊಬ್ಬೆ ಹಾಕುವುದು. ಯಾರೋ ಕೈಬ್ರೇಕ್ ಎಳೆಯದೆ ಇಳಿದರು ಎಂದು ಇಡೀ ದಿನ ಕೊರಗುತ್ತಿದ್ದ ಮನುಷ್ಯ ನನ್ನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುವುದನ್ನು ಕಲಿತರು. ಬಹಳ ಬೇಗ ಕಲಿತರು.

ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಶಾಂತವಾಯಿತು. ಬೊಬ್ಬೆ ನಿಂತಿತು, ನಗು ಮರಳಿತು. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಸುಸ್ತಾಗಿದ್ದೆ. ನಮ್ಮ ಕಸುಬಿನಲ್ಲಿ ಬಟ್ಟೆ ನೀರಿಗೆ ಬೀಳುವ ಮೊದಲು ಜೇಬು ತಡಕುವುದು ಕೈಗೆ ಅಂಟಿದ ಚಾಳಿ. ಅವರ ಪೈಜಾಮದ ಜೇಬಿನಲ್ಲಿ ಮಾತ್ರೆ ಹಾಳೆ ಸಿಕ್ಕಿತು. ಆಸ್ಪತ್ರೆಯದಲ್ಲ, ಬೇರೆ ಬಣ್ಣದ್ದು, ಅರ್ಧ ಖಾಲಿಯಾದದ್ದು. ಯಾರು ತಂದುಕೊಟ್ಟಿರಬಹುದು, ಊಹಿಸು. ನೀನು ಸಾಯುವವರೆಗೆ ಯೋಚಿಸಿದರೂ ಹೊಳೆಯುವುದಿಲ್ಲ.

ಎಲ್-ಬೋರ್ಡ್!

ಅದೇ, ಆ ಡ್ರೈವಿಂಗ್ ಸ್ಕೂಲಿನ ಮಾಲೀಕ. ನಿನ್ನ ಭಾವನೇ ಇಟ್ಟ ಅಡ್ಡಹೆಸರು. ಅವರು ನೌಕರಿಯಲ್ಲಿದ್ದಷ್ಟೂ ಕಾಲ ಬಾಲ ಅಲ್ಲಾಡಿಸಿಕೊಂಡು ಹಿಂದೆ ಸುತ್ತಿದವನು. ಒಂದು ಟೀ ಕುಡಿಸಲಿಕ್ಕೂ ಅವನ ಕೈಲಾಗಲಿಲ್ಲ. ಒಮ್ಮೆ ಮನೆಗೆ ಹಣ್ಣಿನ ಬುಟ್ಟಿ ಕಳಿಸಿದ್ದಕ್ಕೆ ಇವರು ಬಿಸಿಲಲ್ಲಿ ಹೊತ್ತುಕೊಂಡು ಹೋಗಿ ಅವನ ಸ್ಕೂಲಿನ ಬಾಗಿಲಲ್ಲಿ ಇಟ್ಟುಬಂದಿದ್ದರು, ನೆನಪಿದೆಯೇ? ಆ ಮನುಷ್ಯನಿಗೆ ಇವರಾಗಿಯೇ ಫೋನ್ ಮಾಡಿದ್ದಾರೆ, ಆಮೇಲೆ ಅವರೇ ಬಾಯಿಬಿಟ್ಟರು. ಅವನ ಷಡ್ಡಕನದು ಔಷಧಿ ಅಂಗಡಿ, ಚೀಟಿ ಗೀಟಿ ಕೇಳುವುದಿಲ್ಲ. ನಾನು ಅಂಗಡಿಗೆ ಹೋದಾಗ ‘ಸಾರ್ ಯೋಗಕ್ಷೇಮ ನೋಡೋಣ ಅಂತ’ ಬಂದು, ಕೊಟ್ಟು ಹೋಗುತ್ತಿದ್ದನಂತೆ. ಅವನ ಯೋಗಕ್ಷೇಮಕ್ಕೆ ಬೆಂಕಿ ಬೀಳಲಿ.

ಪುಕ್ಕಟೆ ಕೊಟ್ಟನೇ? ನನಗೆ ಮಾತ್ರೆ ಸಿಕ್ಕ ದಿನ ಅಂಗಡಿಗೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಕೂತು ಏನು ಹೇಳಬೇಕು, ಹೇಗೆ ಕೇಳಬೇಕು ಎಂದು ಯೋಚಿಸುತ್ತಿದ್ದೆ. ನಾನು ಹೊರಗೆ ಹೋಗಿದ್ದೇನೆಂದು ತಿಳಿದು ಅವರು ಹಜಾರದಿಂದ ಫೋನ್ ಹಚ್ಚಿದರು. ಅವರ ಜಾಗದಲ್ಲಿ ಈಗ ಪರೀಕ್ಷೆ ಮಾಡುವ ಹುಡುಗನಿಗೆ. ಇವರನ್ನು ದೇವರೆಂದು ತಿಳಿದವನು ಆತ, ಇವರ ಕೈಕೆಳಗೆ ಕಲಿತವನು.

‘ನಾಳೆ ಒಬ್ಬ ಬರ್ತಾನೆ ಕಣಯ್ಯಾ, ಡೆಲಿವರಿ ವ್ಯಾನ್ ಓಡ್ಸೋನು. ನಂಗೆ ಬೇಕಾದವ್ರ ಅಕ್ಕನ ಮಗ. ರಿವರ್ಸಲ್ಲಿ ಸ್ವಲ್ಪ ಎಡವಟ್ಟು. ನೋಡ್ಕೋ ಸ್ವಲ್ಪ’ ಎಂದರು. ಆ ಕಡೆಯ ಹುಡುಗ ಏನೋ ಕೇಳಿದ. ಇವರು ನಕ್ಕು, ‘ಅಯ್ಯೋ, ಎಲ್ಲಾದಕ್ಕೂ ನಿಯಮ ಅಂದ್ರೆ ಆಗುತ್ತೇನಯ್ಯಾ’ ಎಂದರು.

ಗುಬ್ಬಿ, ಸಿಂಕಿನ ಮೇಲೆ ಬಗ್ಗಿ ನಿಂತೆ. ಎಲ್-ಬೋರ್ಡಿನ ಆ ಅಕ್ಕನ ಮಗನನ್ನು ಇವರೇ ಹಿಂದೆ ನಪಾಸು ಮಾಡಿದ್ದರು. ಗಾಡಿ ಹಿಂದಕ್ಕೆ ತೆಗೆಯುವಾಗ ಕನ್ನಡಿಯಲ್ಲಿ ತನ್ನ ಕ್ರಾಪು ನೋಡಿಕೊಳ್ಳುತ್ತಾನೆ, ಯಾರದಾದರೂ ಮಗುವನ್ನು ಹಾಯುತ್ತಾನೆ ಎಂದು ಮನೆಗೆ ಬಂದು ಊಟ ಬಿಟ್ಟು ಕೂತಿದ್ದರು. ನಗದಿದ್ದರೆ ಹೋಗಲಿ, ಹೊಗಳದಿದ್ದರೆ ಹೋಗಲಿ, ನನ್ನ ಗಂಡ ನೆಟ್ಟಗಿನ ಮನುಷ್ಯ ಎಂದು ತಲೆ ಎತ್ತಿ ಓಡಾಡಿದವಳು ನಾನು. ನನಗಿದ್ದದ್ದು ಅದೊಂದೇ. ಅದೂ ಒಂದು ಹಾಳೆ ಮಾತ್ರೆಗೆ ಮಾರಾಟವಾಯಿತು.

ಹೊರಗೆ ಬಂದು ಮಾತ್ರೆ ಹಾಳೆಯನ್ನು ಅವರ ಎದೆಯ ಮೇಲೆ ಎಸೆದೆ. ‘ಥೂ, ನಿಮ್ಮ ಮುಖಕ್ಕಿಷ್ಟು’ ಎಂದೆ. ಹಾಗೆ ನಾನು ಜನ್ಮದಲ್ಲಿ ಅವರಿಗೆ ಅಂದಿರಲಿಲ್ಲ. ಅವರು ಸಿಟ್ಟಾಗಲಿಲ್ಲ. ಎದೆಯ ಮೇಲಿದ್ದ ಹಾಳೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ‘ಒಂದೇ ಒಂದು ಇವತ್ತಿಗೆ. ನಿನ್ನ ಕಾಲಿಗೆ ಬೀಳ್ತೀನಿ’ ಎಂದರು. ಹೊಸ ಮಂಡಿಯನ್ನು ಊರಿ ನಿಜವಾಗಿಯೂ ಬೀಳಲು ಹೊರಟರು. ಆ ದೃಶ್ಯವನ್ನು ನಾನು ಹೇಗೆ ಮರೆಯಲಿ?

ಎಲ್-ಬೋರ್ಡಿಗೆ ಫೋನಿನಲ್ಲೇ ಮಂಗಳಾರತಿ ಮಾಡಿ, ಇನ್ನೊಂದು ಸಲ ನಮ್ಮ ಮೆಟ್ಟಿಲು ತುಳಿದರೆ ನಿನ್ನ ಷಡ್ಡಕನನ್ನು ಪೊಲೀಸರ ಮುಂದೆ ನಿಲ್ಲಿಸುತ್ತೇನೆ ಎಂದೆ. ಮರುದಿನ ಇವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಆತ ಮಂಡಿ ಬಡಿದು ‘ಫಸ್ಟ್ ಕ್ಲಾಸ್!’ ಎಂದರು. ‘ಡಾಕ್ಟ್ರೇ, ಸ್ವಲ್ಪ ಮೇಲೆ ನೋಡಿ’ ಎಂದೆ. ಆಮೇಲೆ ವಿಷಯ ಕೇಳಿ, ಅದು ನಮ್ಮ ವಿಭಾಗವಲ್ಲ ಎಂದು ನೋವಿನ ಡಾಕ್ಟರಮ್ಮನ ಕೋಣೆಗೆ ಕಳಿಸಿದರು. ಆಕೆ ಒಳ್ಳೆಯವರು, ಬೈಯಲಿಲ್ಲ. ಒಮ್ಮೆಲೇ ನಿಲ್ಲಿಸಬೇಡಿ, ದೇಹ ತಡೆಯದು, ಇಳಿಸುತ್ತ ಬರೋಣ ಎಂದು ಹೊಸದಾಗಿ ಬರೆದುಕೊಟ್ಟರು. ಮಾತ್ರೆ ನನ್ನ ವಶದಲ್ಲಿರಬೇಕು, ಹೊತ್ತಿಗೆ ಸರಿಯಾಗಿ ನಾನೇ ಕೊಡಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳಿದರು: ಪೂರ್ತಿ ಬಿಟ್ಟ ಮೇಲೆ ಹಳೆಯ ಪ್ರಮಾಣದಲ್ಲಿ ಒಂದು ನುಂಗಿದರೂ ಅಪಾಯ, ಮೈ ಆ ಅಭ್ಯಾಸ ಮರೆತಿರುತ್ತದೆ, ನಿದ್ದೆಯಲ್ಲೇ ಉಸಿರು ನಿಂತುಹೋಗಬಹುದು.

ಇಳಿಸಿದ ದಿನಗಳನ್ನು ವಿವರಿಸುವುದಿಲ್ಲ. ಮೂಗು ಸೋರುವುದು, ಆಕಳಿಕೆ, ಬೆವರು, ಇಷ್ಟು ದಿನ ಕಟ್ಟಿದ್ದ ಹೊಟ್ಟೆ ಒಮ್ಮೆಗೇ ಬಿಟ್ಟುಕೊಂಡದ್ದು. ಕಾಲು ತಾನೇ ತಾನಾಗಿ ಒದ್ದುಕೊಳ್ಳುತ್ತಿತ್ತು, ಹೊಸ ಮಂಡಿಯದೂ ಸೇರಿ. ನನ್ನನ್ನು ಜೈಲರ್ ಎಂದರು, ಮಾರಿ ಎಂದರು, ಬೇರೆ ಇನ್ನೂ ಏನೋ ಎಂದರು. ನಾನು ಚಾದರ ಬದಲಿಸಿದೆ. ಒಂದು ದಿನ ಮಗಳು ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತು ನೋಡಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ‘ಅಮ್ಮ, ನಾನು ಆಮೇಲೆ ಬರ್ತೀನಿ’ ಎಂದು ಹೋದಳು. ತಲೆ ಸವರಿಸಿಕೊಳ್ಳಲು ಬಂದವಳಿಗೆ ಇದು ಬೇಡವಾಯಿತು.

ಆದರೂ ಮುಗಿಯಿತು ಗುಬ್ಬಿ. ಬಿಟ್ಟರು. ಮೈ ಒಣಗಿತು, ನಿದ್ದೆ ಬಂತು. ಕೊಂಚ ಶಕ್ತಿ ಬಂದದ್ದೇ ಅವರು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಪ್ಯಾಂಟು ಹಾಕಿಕೊಂಡು, ಕೋಲು ಊರಿಕೊಂಡು ಹಳೆಯ ಆಫೀಸಿಗೆ ಹೋಗಿ, ಎಲ್ಲರ ಎದುರು ಆ ಹುಡುಗನಿಗೆ ‘ನಾನು ಹೇಳಿದ್ದು ತಪ್ಪು, ಅವನ ಪರೀಕ್ಷೆ ಮತ್ತೆ ಮಾಡು’ ಎಂದು ಹೇಳಿ ಬಂದರು. ಮತ್ತೆ ಮಾಡಿದ್ದಾನೆ. ಕ್ರಾಪಿನವನು ನಪಾಸು. ಮನೆಗೆ ಬಂದು ಊಟಕ್ಕೆ ಕೂತವರನ್ನು ಹೇಗಿದೆ ಎಂದು ಕೇಳಿದೆ. ‘ಪರವಾಗಿಲ್ಲ’ ಎಂದರು. ನನ್ನ ಗಂಡ ನನಗೆ ವಾಪಸ್ ಬಂದರು.

ಗಿರಾಕಿಗಳು ಬರುವ ಹೊತ್ತಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ. ಇಷ್ಟೆಲ್ಲ ಓದಿ ಕೊರಗುತ್ತ ಕೂರಬೇಡ. ನಿನ್ನ ಮಂಡಿ ನೋವೆಂದರೆ ಉದಾಸೀನ ಮಾಡದೆ ಈಗಲೇ ತೋರಿಸು, ನಮ್ಮ ಮನೆತನದವರ ಮಂಡಿ ಯಾವತ್ತೂ ಗಟ್ಟಿಯಲ್ಲ. ಮಕ್ಕಳಿಗೆ ದೊಡ್ಡಮ್ಮನ ಮುದ್ದು. ನೀವೆಲ್ಲ ನೂರು ಕಾಲ ಸುಖವಾಗಿರಿ, ನಿನ್ನ ಮನೆಯಲ್ಲಿ ನಗು ಯಾವತ್ತೂ ಅಸಲಿಯಾಗಿರಲಿ ಎಂದು ಹರಸುವ,

ನಿನ್ನ ಅಕ್ಕ

ತಾ.ಕ.: ಕಾಗದ ಕವರಿಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದು ತೆಗೆದೆ. ಬರೆದದ್ದೆಲ್ಲ ನಿಜ, ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ.

ಮಾತ್ರೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಅವರು ನನ್ನ ಮಣಿಕಟ್ಟು ಹಿಡಿದಾಗ ನಾನು ಕೈ ಕಿತ್ತುಕೊಳ್ಳಲಿಲ್ಲ. ಮದುವೆಗೆ ಮುಂಚೆ, ನಾನು ಇದೇ ಅಂಗಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಕೂತಿದ್ದಾಗ, ಒಂದು ಬೂದು ಕೋಟು ಒಗೆಯಲು ತರುತ್ತಿದ್ದರಂತೆ. ‘ಆ ಕೋಟು ಕೊಳೆನೇ ಆಗಿರ್ತಿರ್ಲಿಲ್ಲ ಕಣೇ. ನಿನ್ನ ನೋಡೋಕೆ ತರ್ತಿದ್ದೆ. ನೀನು ತಲೆ ಎತ್ತದೆ ಚೀಟಿ ಹರಿದು ಕೊಡ್ತಿದ್ದೆ. ಇವಳು ಒಂದ್ಸಲ ಮುಖ ಎತ್ತಿದ್ರೆ ಸಾಕು ಅಂತ ಬಾಗಿಲಲ್ಲಿ ನಿಂತಿರ್ತಿದ್ದೆ’ ಎಂದರು. ಅವರ ಅಮ್ಮ ನನ್ನ ಇಸ್ತ್ರಿಯ ಕೈ ನೋಡಿ ಸೊಸೆ ಮಾಡಿಕೊಂಡರು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ನನ್ನನ್ನು ನೋಡಲೆಂದೇ ಒಬ್ಬರು ಬರುತ್ತಿದ್ದರು ಗುಬ್ಬಿ. ನಾನು ತಲೆ ಎತ್ತಲಿಲ್ಲ.

ಪೂರ್ತಿ ಬಿಟ್ಟ ಮೇಲೆ ಕೇಳಿದೆ. ‘ರೀ, ಆ ಬೂದು ಕೋಟು ನೆನಪಿದ್ಯಾ?’ ‘ಯಾವ ಕೋಟು?’ ಎಂದು ಪೇಪರಿನ ಪುಟ ತಿರುವಿದರು.

ಡಾಕ್ಟರಮ್ಮ ಉಳಿದ ಮಾತ್ರೆಗಳನ್ನು ಆಸ್ಪತ್ರೆಯ ಔಷಧಿ ಅಂಗಡಿಗೆ ವಾಪಸ್ ಕೊಡಿ ಎಂದಿದ್ದರು. ನಾನು ಕೊಟ್ಟಿಲ್ಲ. ಭಾನುವಾರ ಸಂಜೆ ಒಂದನ್ನು ಚಮಚದಿಂದ ಅರೆದು ಹಾಲಿಗೆ ಬೆರೆಸಿ ಕೊಟ್ಟೆ. ಹೌದು, ನಾನೇ. ಉಸಿರು ನಿಲ್ಲಬಹುದು ಎಂದು ಕಿವಿಯಾರೆ ಕೇಳಿದವಳೇ ಕೊಟ್ಟೆ. ಮುಖ ಸಡಿಲವಾಯಿತು. ಕೋಟಿನ ಕಥೆ ಬಂತು. ನಾನು ಕುರ್ಚಿ ಎಳೆದುಕೊಂಡು ಕೂತು, ಮಗುವಿನ ಹಾಗೆ, ಆಮೇಲೆ, ಆಮೇಲೆ ಎಂದು ಕೇಳಿದೆ. ಅವರು ನಿದ್ದೆಹೋದ ಮೇಲೆ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂತೆ. ನನ್ನ ಮೇಲೆ ನನಗೆ ಆದಷ್ಟು ಹೇಸಿಗೆ ಅವರ ಮೇಲೂ ಆಗಿರಲಿಲ್ಲ.

ನಿನ್ನೆ ಬೆಳಿಗ್ಗೆ, ಪೂರ್ತಿ ಎಚ್ಚರದಲ್ಲಿ, ಅದೇ ಪರೀಕ್ಷೆಯ ಮುಖ ಇಟ್ಟುಕೊಂಡು, ಪೇಪರ್ ಮಡಚಿಟ್ಟು, ‘ಆ ಬೂದು ಕೋಟು ನಿನ್ನ ನೋಡೋಕೇ ತರ್ತಿದ್ದೆ’ ಎಂದರು. ಕೊನೆಯವರೆಗೂ ಹೇಳಿದರು. ಹೇಳಿ ಮುಗಿಸಿ, ನನ್ನ ಮುಖ ನೋಡದೆ, ‘ಮೊನ್ನೆ ಕೊಟ್ಯಲ್ಲ, ಆ ಥರದ ಹಾಲು ಇದ್ಯಾ?’ ಎಂದು ಕೇಳಿದರು. ಜೀವಮಾನದಲ್ಲಿ ಲಂಚ ಮುಟ್ಟದವರು ನನಗೆ ಲಂಚ ಕೊಟ್ಟರು. ಕೊಟ್ಟದ್ದು ನಿಜವಾದದ್ದೋ, ಕಟ್ಟಿದ್ದೋ, ಇನ್ನು ನನಗೆ ತಿಳಿಯುವುದಿಲ್ಲ.

ಹಾಲಿಲ್ಲ ಎಂದೆ. ಆದರೆ ಹಾಗೆನ್ನುವ ಮೊದಲು ಎದ್ದು ಅಡುಗೆಮನೆಯ ತನಕ ಹೋಗಿದ್ದೆ, ಪಾತ್ರೆಯನ್ನೂ ಒಲೆಯ ಮೇಲೆ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಆಸ್ಪತ್ರೆಯ ಆ ಔಷಧಿ ಅಂಗಡಿಯ ಬಾಗಿಲಿನವರೆಗೆ ಹೋಗಿ ಕೊಡದೆ ತಿರುಗಿ ಬಂದೆ. ಮಾತ್ರೆಗಳು ನನ್ನ ಕೈಚೀಲದಲ್ಲೇ ಇವೆ. ಈ ಕಾಗದ ಸಿಕ್ಕಿದ ಕೂಡಲೇ ಹೊರಟು ಬಾ. ಬಂದವಳು ಭಾವನ ಮಂಡಿ ವಿಚಾರಿಸುತ್ತ ನಿಲ್ಲಬೇಡ, ಮೊದಲು ನನ್ನ ಚೀಲ ಕಿತ್ತುಕೋ. ನಾನು ಬಿಡುವುದಿಲ್ಲ, ಬೈಯುತ್ತೇನೆ, ಸುಳ್ಳು ಹೇಳುತ್ತೇನೆ. ಕೇಳಬೇಡ, ಕಿತ್ತುಕೋ.